ಕೇಳ್ತೀನಿ ಅಣ್ಣ ಮತ್ತು ಹಸಿರು ಪ್ಯಾಕೆಟ್

ಪೆಂಗ್ ಕ್ವಾಂಗ್-ಲಿನ್ ಹೇಡಿ. ಬುದ್ಧಿವಂತ, ಪ್ರಾಮಾಣಿಕ, ಯಾರಿಗೂ ಕೇಡು ಬಯಸಿದವನಲ್ಲ, ಆದರೆ ಹೇಡಿ. ಶಿಂಚುವಿನ ವಿಶ್ವವಿದ್ಯಾಲಯದಲ್ಲಿ ಅವನಿಗೆ ಪಾಠ ಹೇಳಿದವಳು ನಾನು. ನಿವೃತ್ತಳಾದ ಮೇಲೆ, ಅವನು ಕೆಲಸ ಮಾಡುವ ಕಂಪನಿಗೇ ವಾರಕ್ಕೆರಡು ದಿನ ಸಲಹೆಗಾರ್ತಿಯಾಗಿ ಹೋಗಿಬರುತ್ತಿದ್ದೇನೆ. ಹಾಗಾಗಿ ಇದು ಯಾರೋ ಹೇಳಿದ ಮಾತಲ್ಲ.

ತರಗತಿಯಲ್ಲಿ ಅವನು ಕೈಯೆತ್ತಿ, "ಲಾವ್‌ಶೀ, ಒಂದು ಪ್ರಶ್ನೆ ಕೇಳಬಹುದಾ?" ಎನ್ನುತ್ತಿದ್ದ. ನಮ್ಮಲ್ಲಿ ಮೇಷ್ಟರು ಗಂಡಾಗಲಿ ಹೆಣ್ಣಾಗಲಿ, ಕರೆಯುವುದು ಲಾವ್‌ಶೀ ಎಂದೇ. ಕೇಳು ಎಂದರೆ, "ಈಗಲೇ ಕೇಳ್ಲಾ, ಪಾಠ ಮುಗಿದ್ಮೇಲೆ ಕೇಳ್ಲಾ?" ಎನ್ನುತ್ತಿದ್ದ. ಅಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು. ಅವನ ಪ್ರಶ್ನೆಗಳು ಒಳ್ಳೆಯವೇ ಇರುತ್ತಿದ್ದವು. ಹೊಸ್ತಿಲು ದಾಟಿ ಬರುತ್ತಿದ್ದವು ಮಾತ್ರ ಕಡಿಮೆ.

ಐವತ್ತು ದಾಟಿದರೂ ಈ ಬುದ್ಧಿ ಹೋಗಿಲ್ಲ. ಕಂಪನಿಯ ಬೀದಿಯ ತುದಿಯಲ್ಲಿ ಆ-ಮಾನ್ ಎಂಬವಳ ತಿಂಡಿಯಂಗಡಿ ಇದೆ. ಅಂಗಡಿಯ ಮುಂದೆ ಹಂಡೆಯಲ್ಲಿ ಸೋಯಾ ಹಾಲು ಕುದಿಯುತ್ತಿರುತ್ತದೆ, ಹಬೆ ರಸ್ತೆಗೆ ಬಂದಿರುತ್ತದೆ. ಪೆಂಗ್ ಅದರ ಮುಂದೆಯೇ ನಿಂತು ಕೇಳುತ್ತಾನೆ:

"ಇವತ್ತು ಸೋಯಾ ಹಾಲು ಇದೆಯಾ?"

"ಇಲ್ಲ ಕಣಣ್ಣ. ಇದು ಬಟ್ಟೆ ಒಗೆಯೋಕೆ ನೀರು ಕಾಯಿಸ್ತಿರೋದು."

"ಹಾಗಾದ್ರೆ ಒಂದು ಲೋಟ ಸಿಗುತ್ತಾ?"

"ಸಿಗುತ್ತೆ. ಸೋಪು ಬೇಕಾ, ಸಕ್ಕರೆ ಬೇಕಾ?"

ಅವನು ನಗುತ್ತಾನೆ. ಮರುದಿನ ಮತ್ತೆ ಅದನ್ನೇ ಕೇಳುತ್ತಾನೆ. ಹೇಡಿಗಳು ದುಃಖಿಗಳಾಗಿರಬೇಕು ಎಂದು ನಾವು ತಿಳಿದುಕೊಂಡಿರುತ್ತೇವೆ. ಹಾಗೇನಿಲ್ಲ. ನಾನು ಕಂಡವರಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡುವ ಮನುಷ್ಯ ಪೆಂಗ್. ಶನಿವಾರ ಶಿನ್‌ಪುವಿನಲ್ಲಿರುವ ತಾಯಿಯ ಮನೆಗೆ ಹೋಗಿ ಬಿದಿರಿನ ತಟ್ಟೆಗಳ ಮೇಲೆ ಪರ್ಸಿಮನ್ ಹಣ್ಣು ಒಣಗಿಸುತ್ತಾನೆ. ಚಳಿಗಾಲದಲ್ಲಿ ಒಂದು ಡಬ್ಬಿ ನನಗೂ ತರುತ್ತಾನೆ, ಮೊದಲು ಫೋನ್ ಮಾಡಿ ತರಬಹುದೇ ಎಂದು ವಿಚಾರಿಸಿಕೊಂಡು.

ಮದುವೆಯ ಮಾತನ್ನು ಎತ್ತಿದ್ದೂ ಅವನಲ್ಲ. ಅಂಚೆ ಕಚೇರಿಯಲ್ಲಿ ಕೆಲಸದಲ್ಲಿದ್ದ ಚಾವ್-ಇಂಗ್ ಒಂದು ಸಂಜೆ ಟೀ ಕುಡಿಯುತ್ತಾ, "ಸಿನಿಮಾಗೆ ಹೋಗೋಣ್ವಾ, ನೂಡಲ್ಸ್ ತಿನ್ನೋಣ್ವಾ ಅಂತ ಇಷ್ಟು ವರ್ಷ ಕೇಳ್ತಾನೇ ಬಂದೆ. ಮುಂದಿನ ಪ್ರಶ್ನೆ ನೀನು ಕೇಳ್ತೀಯೋ ನಾನೇ ಕೇಳ್ಲೋ?" ಎಂದಳಂತೆ. "ಯೋಚ್ನೆ ಮಾಡಿ ಹೇಳ್ಲಾ?" ಎಂದನಂತೆ. ಆಕೆ ಯೋಚಿಸಲು ಬಿಡಲಿಲ್ಲ. ಈಗಲೂ ಇದನ್ನು ಇಬ್ಬರೂ ಸೇರಿ ಎಲ್ಲರ ಮುಂದೆ ಹೇಳಿ ನಗುತ್ತಾರೆ.

ಕೆಲಸಕ್ಕೆ ಸೇರಿದ ಮೇಲೆ ಅವನ ಹೇಡಿತನಕ್ಕೆ ಸಂಬಳ ಬರತೊಡಗಿತು. ಕಂಪನಿ ತಯಾರಿಸುವುದು ಹೆಣಿಗೆ ಯಂತ್ರಗಳ ಪಕ್ಕ ಕೂರಿಸುವ ಒಂದು ಪೆಟ್ಟಿಗೆ. ಅದರ ಕ್ಯಾಮೆರಾ ಯಂತ್ರ ಹೆಣೆಯುವುದನ್ನು ನೋಡುತ್ತಿರುತ್ತದೆ. ಒಂದು ಕುಣಿಕೆ ತಪ್ಪಿದರೂ ಯಂತ್ರವನ್ನು ನಿಲ್ಲಿಸುತ್ತದೆ. ಪೆಟ್ಟಿಗೆಯೊಳಗಿನ ಪ್ರೊಸೆಸರ್ ಎಲ್ಲ ವರ್ಷವೂ ಒಂದೇ ಆಗಿರುವುದಿಲ್ಲ. ಪೇಟೆಯಲ್ಲಿ ಯಾವುದು ಸಿಗುತ್ತದೋ ಅದನ್ನು ತಂದು ಹಾಕುತ್ತಾರೆ. ಕೆಲವು ಪ್ರೊಸೆಸರ್‌ಗಳಿಗೆ ಹದಿನಾರು ಸಂಖ್ಯೆಗಳನ್ನು ಸಾಲಾಗಿ ನಿಲ್ಲಿಸಿ ಒಂದೇ ಏಟಿಗೆ ಕೂಡುವುದು ಬರುತ್ತದೆ. ಇದನ್ನು ನಾವು ಸಾಲು ಲೆಕ್ಕ ಎನ್ನೋಣ. ಕೆಲವಕ್ಕೆ ಅದು ಬಾರದು, ಒಂದೊಂದೇ ಕೂಡುತ್ತವೆ. ಬಾರದ ಪ್ರೊಸೆಸರಿಗೆ ಸಾಲು ಲೆಕ್ಕದ ಆಜ್ಞೆ ಕೊಟ್ಟರೆ ಅದು ತಪ್ಪು ಉತ್ತರ ಕೊಡುವುದಿಲ್ಲ. ಪ್ರೋಗ್ರಾಂ ಅಲ್ಲೇ ಸತ್ತು ಬೀಳುತ್ತದೆ, ಪೆಟ್ಟಿಗೆ ನಿಲ್ಲುತ್ತದೆ, ಅದನ್ನು ನಂಬಿದ ಯಂತ್ರಗಳೂ ನಿಲ್ಲುತ್ತವೆ. ಆದ್ದರಿಂದ ಪ್ರೋಗ್ರಾಂ ಶುರುವಾಗುತ್ತಲೇ ಪ್ರೊಸೆಸರನ್ನು ಕೇಳಬೇಕು: ನಿನಗೆ ಏನೇನು ಬರುತ್ತದೆ? ಉತ್ತರ ನೋಡಿ ದಾರಿ ಹಿಡಿಯಬೇಕು.

ಹೀಗೆ ಕೇಳುವ ಭಾಗವನ್ನು ಬರೆದವನು ಪೆಂಗ್. ಹೆಸರು ನೋಡಿ ಯೋಗ್ಯತೆ ಊಹಿಸುವ ಸೋಮಾರಿತನ ಈ ಕಸುಬಿನಲ್ಲಿ ಧಾರಾಳವಾಗಿದೆ: ಇದು ಇಂಥ ತಯಾರಿಕೆ, ಇಂಥ ಮಾದರಿ, ಆದ್ದರಿಂದ ಇದಕ್ಕೆ ಇಷ್ಟು ಬಂದೇ ಬರುತ್ತದೆ ಎಂದು ಬರೆದುಬಿಡುತ್ತಾರೆ. ಪೆಂಗ್ ಎಂದೂ ಹಾಗೆ ಬರೆಯಲಿಲ್ಲ. ಒಂದೊಂದು ಶಕ್ತಿಯನ್ನೂ ಬಿಡಿಬಿಡಿಯಾಗಿ ಕೇಳಿದ. ಯಾವುದೂ ಬಾರದಿದ್ದರೆ ಇರಲಿ ಎಂದು ಕೊನೆಗೆ ಒಂದು ನಿಧಾನದ ದಾರಿಯನ್ನು ಇಟ್ಟ. ಆ ದಾರಿಯ ಮೇಲೆ ಅವನಿಗೆ ವಿಶೇಷ ಪ್ರೀತಿ. ಎಷ್ಟೋ ವರ್ಷ ಅವನ ಪ್ರೋಗ್ರಾಂ ಎಲ್ಲೂ ಸಾಯಲಿಲ್ಲ. ಆಫೀಸಿನ ಹುಡುಗಿಯರು ಅವನಿಗೆ ಕೇಳ್ತೀನಿ ಅಣ್ಣ ಎಂದು ಹೆಸರಿಟ್ಟರು. ಯಾರು ಏನೇ ತೀರ್ಮಾನ ಬೇಡಿದರೂ, "ತಾಂಗ್ ಅವರನ್ನ ಕೇಳ್ತೀನಿ" ಎನ್ನುವುದು ಅವನ ವಾಡಿಕೆ.

ತಾಂಗ್ ವೆಯ್-ಚೆ ಮ್ಯಾನೇಜರ್. ಅವನೂ ನನ್ನ ವಿದ್ಯಾರ್ಥಿಯೇ, ಪೆಂಗ್‌ಗಿಂತ ಚಿಕ್ಕವನು. ಚುರುಕು. ಕೆಟ್ಟವನಲ್ಲ, ಆದರೆ ಅವಸರದ ಮನುಷ್ಯ.

ಈ ವರ್ಷದ ಪೆಟ್ಟಿಗೆಗಳಲ್ಲಿ ಹೊಸ ಬಗೆಯ ಪ್ರೊಸೆಸರ್ ಬಂತು. ಅದರೊಳಗೆ ಎಂಟು ಕೋರುಗಳು, ಅಂದರೆ ಲೆಕ್ಕ ಮಾಡುವ ಎಂಟು ತಲೆಗಳು: ಎರಡು ದೊಡ್ಡವು, ಆರು ಚಿಕ್ಕವು. ಅಂಥ ಪೆಟ್ಟಿಗೆಗಳನ್ನು ಮೊದಲು ಕೊಂಡವಳು ಶೆತೋ ಊರಿನ ಶಿಯಾವ್ ಚುನ್-ಯುವೆ. ಶೆತೋದಲ್ಲಿ ಮನೆಮನೆಯಲ್ಲೂ ಕಾಲುಚೀಲ ಹೆಣೆಯುತ್ತಾರೆ. ಆಕೆಯ ಮಿಲ್ಲು ಗಂಡನ ಕಾಲದ್ದು. ಗಂಡ ಹೋದ ಮೇಲೆ ಮೈದುನ, ಯಂತ್ರಗಳನ್ನು ಮಾರಿ ಜಾಗವನ್ನು ಗೋದಾಮಿಗೆ ಬಾಡಿಗೆ ಕೊಡೋಣ ಎಂದು ಹಠ ಹಿಡಿದಿದ್ದ. ಈ ಸಲ ಶಾಲೆಗಳು ತೆರೆಯುವ ಮೊದಲು ಮಕ್ಕಳ ಕಾಲುಚೀಲಗಳನ್ನು ಹೊತ್ತಿಗೆ ಸರಿಯಾಗಿ ಕಳಿಸಿದರೆ ಮಿಲ್ಲು ಉಳಿಯುತ್ತದೆ, ಇಲ್ಲವಾದರೆ ಅವನು ಹೇಳಿದಂತೆ ಆಗುತ್ತದೆ ಎಂದು ಇಬ್ಬರೂ ಹಿರಿಯರ ಮುಂದೆ ಒಪ್ಪಿಕೊಂಡಿದ್ದರು. ಪೆಟ್ಟಿಗೆ ಹಾಕಿಸಿದರೆ ಕೆಲಸ ಬೇಗ ಸಾಗುತ್ತದೆ ಎಂದು ಹಾಕಿಸಿದಳು. ಪೆಟ್ಟಿಗೆಗಳು ಕೆಲಸದ ನಡುವೆ ನಿಲ್ಲತೊಡಗಿದವು.

ಆಕೆ ಫೋನ್ ಮಾಡಿದಾಗ ನಾನು ತಾಂಗ್‌ನ ಕೋಣೆಯಲ್ಲೇ ಇದ್ದೆ.

"ಶಿಯಾವ್ ಅಕ್ಕ, ಪೆಟ್ಟಿಗೆ ಮೇಲೆ ಹಸಿರು ಪ್ಯಾಕೆಟ್ ಇಟ್ಟಿದ್ದೀರಾ?" ಎಂದ ತಾಂಗ್.

"ಇಡದೆ ಇರ್ತೀನಾ?"

"ತಾರೀಖು ಮೀರಿಲ್ಲ ತಾನೆ?"

"ನೋಡಿ ಹೇಳ್ತೀನಿ ಇರು," ಎಂದಳು.

ನಮ್ಮ ದ್ವೀಪದಲ್ಲಿ ಯಂತ್ರದ ಮೇಲೆ ಹಸಿರು ಕ್ವಾಯ್‌ಕ್ವಾಯ್ ಇಡದ ಕಚೇರಿ ಕಡಿಮೆ. ಮಕ್ಕಳು ತಿನ್ನುವ ಜೋಳದ ಕುರುಕಲು, ತೆಂಗಿನ ರುಚಿಯದು. ಹೆಸರಿಗೆ ತಂಟೆ ಮಾಡದೆ ಇರು ಎಂಬ ಅರ್ಥ, ಮೇಲಿಟ್ಟರೆ ಯಂತ್ರ ಕೆಡದೆ ನಡೆಯುತ್ತದೆ ಎಂದು ನಂಬಿಕೆ. ಪ್ಯಾಕೆಟ್ ಹಸಿರೇ ಆಗಬೇಕು, ತಾರೀಖು ಮೀರಿರಬಾರದು, ಯಾರೂ ಬಿಚ್ಚಿ ತಿನ್ನಬಾರದು. ಡಾಕ್ಟರೇಟ್ ಮಾಡಿದವರೂ ಇಡುತ್ತಾರೆ. ನಾನು ಇಡುವುದಿಲ್ಲ, ಇಡುವವರೊಂದಿಗೆ ವಾದಿಸುವುದನ್ನೂ ಬಿಟ್ಟಿದ್ದೇನೆ. ನಮ್ಮ ಕಂಪನಿಯಲ್ಲಿ ಇದಕ್ಕೆ ಇನ್ನೊಂದು ಕಟ್ಟಳೆ ಸೇರಿಕೊಂಡಿದೆ. ಹೊಸ ಪ್ರೋಗ್ರಾಂ ಎಲ್ಲ ಗಿರಾಕಿಗಳ ಪೆಟ್ಟಿಗೆಗಳಿಗೂ ಹೋಗುವುದು ಹಜಾರದ ಮೂಲೆಯ ಒಂದು ಯಂತ್ರದಿಂದ. ಅದರ ಮೇಲೆ ತಾಂಗ್ ಹೊಸ ಪ್ಯಾಕೆಟ್ ಇಟ್ಟನೆಂದರೆ, ಅವನೇ ತೆಗೆಯುವ ತನಕ ಯಾರೂ ಏನನ್ನೂ ಹೊರಗೆ ಕಳಿಸುವಂತಿಲ್ಲ.

ಶಿಯಾವ್ ಚುನ್-ಯುವೆಯ ಪ್ಯಾಕೆಟ್‌ಗಳ ತಾರೀಖು ಮೀರಿತ್ತು. ಆಕೆ ಪೆಟ್ಟಿಗೆಗಳನ್ನು ಆಫ್ ಮಾಡಿ, ಒರೆಸಿ, ಹೊಸ ಪ್ಯಾಕೆಟ್ ಇಟ್ಟು, ಕೈಮುಗಿದು ಆನ್ ಮಾಡಿದಳು. ಪೆಟ್ಟಿಗೆಗಳು ಸುಸೂತ್ರವಾಗಿ ನಡೆದವು. "ನೋಡಿದ್ರಾ ಲಾವ್‌ಶೀ, ಸಲಹೆಗಾರರೂ ಬೇಕಾಗ್ಲಿಲ್ಲ," ಎಂದು ತಾಂಗ್ ಬೀಗಿದ. ಮುಂದಿನ ವಾರ ಒಂದು ದಿನ ಕರೆಂಟ್ ಹೋಗಿ ಬಂತು. ಅಂದು ಮಧ್ಯಾಹ್ನದಿಂದ ಪೆಟ್ಟಿಗೆಗಳು ಮತ್ತೆ ನಿಂತವು.

ಈ ಸಲ ತಾಂಗ್ ಪೆಂಗ್‌ನನ್ನು ಕಳಿಸಿದ. ಕೈಗೆ ಒಂದು ರಟ್ಟಿನ ಡಬ್ಬಿ ತುಂಬ ಹಸಿರು ಪ್ಯಾಕೆಟ್ ಕೊಟ್ಟು, "ಲಾವ್‌ಶೀ, ನೀವೂ ಜೊತೆಗೆ ಹೋಗಿ. ನೀವಿದ್ರೆ ಅಕ್ಕ ದನಿ ಏರಿಸೋಲ್ಲ," ಎಂದ. ತಪ್ಪು ತಿಳಿದಿದ್ದ.

"ಇದೇನು, ನನ್ನ ಮಿಲ್ಲಿಗೆ ತಿಂಡಿ ಅಂಗಡಿ ಇಡೋಕೆ ಬಂದ್ರಾ?" ಎಂದಳು ಆಕೆ ಡಬ್ಬಿ ನೋಡಿ. ಯಂತ್ರಗಳ ಗದ್ದಲದಲ್ಲಿ ಜೀವಮಾನ ಕಳೆದವಳು. ಅವಳ ಪಿಸುಮಾತೇ ನಮ್ಮ ಕೂಗು.

ಪೆಂಗ್ ತಲೆತಗ್ಗಿಸಿದ. "ಅಕ್ಕ, ಪೆಟ್ಟಿಗೆ ಬಿಚ್ಚಬಹುದಾ?"

"ಬಿಚ್ಚು."

"ಈ ವೈರ್ ತೆಗೀಬಹುದಾ?"

"ತೆಗಿ."

"ಈ ಸ್ಟೂಲ್ ಮೇಲೆ ಕೂತ್ಕೋಬಹುದಾ?"

ಆಕೆ ನನ್ನ ಕಡೆ ತಿರುಗಿದಳು. "ಲಾವ್‌ಶೀ, ಇವನು ಮನೇಲಿ ಊಟಕ್ಕೆ ಕೂರೋ ಮುಂಚೆ ಹೆಂಡ್ತಿ ಹತ್ರ ಸಹಿ ಹಾಕಿಸ್ಕೊಳ್ತಾನಾ?"

ಪೆಂಗ್ ಕೂತ. ತನ್ನ ಕಂಪ್ಯೂಟರನ್ನು ಪೆಟ್ಟಿಗೆಗೆ ಜೋಡಿಸಿ ನೋಡುತ್ತಲೇ ಇದ್ದ. ನಡೆಯುತ್ತಿರುವ ಪೆಟ್ಟಿಗೆಗಳೆಲ್ಲ ನಿಧಾನದ ದಾರಿ ಹಿಡಿದಿದ್ದವು. ನಿಂತವೆಲ್ಲ ಸಾಲು ಲೆಕ್ಕದಲ್ಲಿದ್ದವು. ಆಮೇಲೆ ಅವನು ಅದುವರೆಗೆ ಮಾಡದ ಒಂದು ಕೆಲಸ ಮಾಡಿದ. ಎಂಟು ಕೋರುಗಳನ್ನೂ ಬೇರೆಬೇರೆಯಾಗಿ ಕರೆದು ಅದೇ ಪ್ರಶ್ನೆ ಕೇಳಿದ. ದೊಡ್ಡವೆರಡೂ ಸಾಲು ಲೆಕ್ಕ ಬರುತ್ತದೆ ಎಂದವು. ಚಿಕ್ಕವು ಆರೂ ಬಾರದು ಎಂದವು. ಅವನ ಕಿವಿ ಕೆಂಪಾಯಿತು.

ಊಟಕ್ಕೆ ಆಕೆ ಬಾವಾನ್ ತರಿಸಿದ್ದಳು. ಪೆಂಗ್ ಆ ಹಂದಿಮಾಂಸದ ಕಡುಬನ್ನು ಮುಟ್ಟಲಿಲ್ಲ.

"ನೇರವಾಗಿ ಹೇಳು ತಮ್ಮ. ತಪ್ಪು ನನ್ನ ಮಿಲ್ಲಿಂದಾ, ನಿಮ್ಮ ಪೆಟ್ಟಿಗೇದಾ? ನನ್ನ ಮೈದುನ ದಿನಾ ಬಂದು ಯಂತ್ರ ನಿಂತಿರೋದನ್ನ ನೋಡಿ ಹೋಗ್ತಾನೆ. ಮಾತಾಡಲ್ಲ. ಬರೀ ನೋಡಿ ಹೋಗ್ತಾನೆ. ಅವನಿಗೆ ನಾನು ಏನಾದ್ರೂ ಹೇಳ್ಬೇಕಲ್ಲ."

"ಕೇಳಿ ಹೇಳ್ತೀನಿ ಅಕ್ಕ," ಎಂದ ಪೆಂಗ್.

ಆಕೆ ಅವನ ತಟ್ಟೆಯಲ್ಲಿದ್ದ ಬಾವಾನನ್ನು ಎತ್ತಿ ನನ್ನ ತಟ್ಟೆಗೆ ಹಾಕಿದಳು.

ವಾಪಸು ಬರುವಾಗ ರೈಲಿನಲ್ಲಿ ಅವನು ಬಾಯಿಬಿಟ್ಟ. "ಲಾವ್‌ಶೀ, ಒಂದು ಮಾತು ಹೇಳಬಹುದಾ?"

"ಹೇಳು."

"ಹೋಟೆಲಿಗೆ ಹೋಗಿ ಬಾಗಿಲಲ್ಲಿ ಸಿಕ್ಕವನನ್ನ ಕೇಳ್ದೆ, ದೊಡ್ಡ ಬಾಣಲೆ ಎತ್ತಕ್ಕೆ ಬರುತ್ತಾ ಅಂತ. ಬರುತ್ತೆ ಅಂದ. ಅವನು ಅಡುಗೆಯವನು. ನಾನು ಒಳಗೆ ಎಲ್ರಿಗೂ ಬರುತ್ತೆ ಅಂದ್ಕೊಂಡೆ. ಕೆಲಸ ಜಾಸ್ತಿ ಆದಾಗ ಬಾಣಲೇನ ಪಾತ್ರೆ ತೊಳೆಯೋನ ಕೈಗೆ ಕೊಟ್ರು. ಬಿತ್ತು."

"ಬಾಗಿಲಲ್ಲಿ ಪಾತ್ರೆ ತೊಳೆಯುವವನೇ ಸಿಕ್ಕಿದ್ದರೆ?"

"ಬರಲ್ಲ ಅಂತಿದ್ದ. ಎಲ್ರೂ ನಿಧಾನದ ದಾರೀಲಿ ಹೋಗೋರು, ಏನೂ ಆಗ್ತಿರ್ಲಿಲ್ಲ. ಪ್ಯಾಕೆಟ್ ಬದಲಾಯಿಸಿದ ದಿನ ಆಗಿದ್ದು ಅದೇ. ಆಫ್ ಮಾಡಿ ಆನ್ ಮಾಡಿದ್ರಲ್ಲ, ಅವತ್ತು ಚಿಕ್ಕ ಕೋರು ಬಾಗಿಲು ತೆಗೀತು. ನಮ್ಮ ಆಫೀಸಿನ ಪೆಟ್ಟಿಗೆಗೆ ಅಷ್ಟು ಕೆಲಸಾನೇ ಇಲ್ಲ, ಲೆಕ್ಕ ದೊಡ್ಡ ಕೋರನ್ನ ಬಿಟ್ಟು ಕದಲೋದೇ ಇಲ್ಲ. ಅದಕ್ಕೇ ನಮಗೆ ಕಾಣಲಿಲ್ಲ. ಒಬ್ಬನ್ನ ಕೇಳಿ ಎಲ್ರನ್ನೂ ಕೇಳ್ದೆ ಅಂತ ಬರೆದಿದ್ದೀನಿ. ನಾನು," ಎಂದ.

"ಹಾಗಾದರೆ ಅಲ್ಲೇ ಹೇಳಬೇಕಿತ್ತು."

"ತಾಂಗ್ ಅವರನ್ನ ಕೇಳ್ದೆ ಹೇಗೆ ಹೇಳೋದು?"

ನಾನು ಕಿಟಕಿಯ ಕಡೆ ತಿರುಗಿದೆ.

ಕೆಲಸದಲ್ಲಿ ಅವನು ತಡಮಾಡಲಿಲ್ಲ. ಹೊಸ ಪ್ರೋಗ್ರಾಂ ಎಂಟು ಕೋರುಗಳನ್ನೂ ಕೇಳುತ್ತಿತ್ತು. ಸಾಲು ಲೆಕ್ಕವನ್ನು ಅದು ಬರುವ ಎರಡಕ್ಕೆ ಮಾತ್ರ ಕಟ್ಟಿಹಾಕುತ್ತಿತ್ತು. ಉಳಿದ ಚಿಲ್ಲರೆ ಕೆಲಸವನ್ನು ಆರಕ್ಕೆ ಹಂಚುತ್ತಿತ್ತು. ಪೆಟ್ಟಿಗೆಗೆ ಬೇಕೆಂದೇ ವಿಪರೀತ ಕೆಲಸ ಕೊಟ್ಟು ನೋಡಿದೆವು. ಸಾಯಲಿಲ್ಲ. ನಾನು ಸಾಲುಸಾಲಾಗಿ ಓದಿದೆ, ತಪ್ಪು ಸಿಗಲಿಲ್ಲ. ಆದರೆ ಅಷ್ಟರಲ್ಲಿ ತಾಂಗ್ ಮೂಲೆಯ ಯಂತ್ರದ ಮೇಲೆ ಹೊಸ ಪ್ಯಾಕೆಟ್ ಇಟ್ಟಿದ್ದ. ತೈಪೆಯ ದೊಡ್ಡ ಪ್ರದರ್ಶನ ಹತ್ತಿರ ಬಂದಿತ್ತು.

"ಪ್ರದರ್ಶನ ಮುಗೀಲಿ ಪೆಂಗ್ ಅಣ್ಣ. ಈಗ ಹೊಸದು ಕಳಿಸಿ, ಜನರ ಮುಂದೆ ಪೆಟ್ಟಿಗೆ ನಿಂತರೆ ಯಾರು ಉತ್ತರ ಕೊಡೋದು?"

"ಅಷ್ಟೊತ್ತಿಗೆ ಶಾಲೆ ಶುರುವಾಗಿರುತ್ತೆ," ಎಂದ ಪೆಂಗ್ ಮೆತ್ತಗೆ.

"ಗೊತ್ತು."

"ಅಕ್ಕಂಗೆ ಏನ್ ಹೇಳ್ಲಿ?"

"ನೂಲಿನ ಧೂಳು ಜಾಸ್ತಿ ಇದೆ, ಒರೆಸ್ತಾ ಇರಿ ಅಂತ ಹೇಳು. ಸುಳ್ಳಲ್ಲವಲ್ಲ, ಧೂಳು ಇದೆ."

ನಾನು ಹೇಳಬೇಕಾದ್ದನ್ನು ತಾಂಗ್‌ಗೆ ಹೇಳಿದೆ. ಅವನು ವಿನಯದಿಂದ ಕೇಳಿಸಿಕೊಂಡು, ವಿನಯದಿಂದಲೇ ಆಗುವುದಿಲ್ಲ ಎಂದ. ಸಲಹೆಗಾರ್ತಿಯ ಪಾತ್ರ ಅಲ್ಲಿಗೆ ಮುಗಿಯುತ್ತದೆ. ಪೆಂಗ್ ಮಾತ್ರ, "ಸರಿ," ಎಂದ. ನನ್ನೆದುರಿಗೇ ಶೆತೋಗೆ ಫೋನ್ ಮಾಡಿ ಧೂಳಿನ ಮಾತು ಹೇಳಿದ. ಅವನ ಬಗ್ಗೆ ನಾನು ಮೊದಲೇ ಹೇಳಿದ್ದೇನೆ.

ಕೆಲವು ದಿನಗಳ ನಂತರ ಮಧ್ಯಾಹ್ನ, ಹುಡುಗಿಯರು ಟೀ ತರಿಸಿಕೊಂಡು ಕೂತಿದ್ದರು. ತಾಂಗ್ ಗಾಜಿನ ಕೋಣೆಯೊಳಗೆ ಯಾರೊಂದಿಗೋ ಮಾತಾಡುತ್ತಿದ್ದ. ಪೆಂಗ್‌ನ ಮೇಜಿನ ಫೋನ್ ರಿಂಗಾಯಿತು. ಶಿಯಾವ್ ಚುನ್-ಯುವೆಯ ದನಿ ಹಜಾರಕ್ಕೆಲ್ಲ ಕೇಳುವಂಥದ್ದು; ಅದನ್ನು ಗುಟ್ಟಾಗಿ ಕೇಳಿಸಿಕೊಳ್ಳುವ ಉಪಾಯವಿಲ್ಲ.

"ಒರೆಸಿ ಒರೆಸಿ ಕೈ ಸವೀತು ತಮ್ಮ. ಪೆಟ್ಟಿಗೆ ಕನ್ನಡಿ ಹಾಗೆ ಹೊಳೀತಿದೆ, ಮುಖ ನೋಡ್ಕೊಂಡು ತಲೆ ಬಾಚ್ಕೋಬಹುದು. ಬೆಳಗ್ಗೆಯಿಂದ ಮೂರು ಸಲ ನಿಂತಿದೆ. ಮೈದುನ ಯಾರನ್ನೋ ಕರ್ಕೊಂಡು ಬಂದಿದ್ದಾನೆ, ಯಂತ್ರ ತೋರಿಸ್ತಿದ್ದಾನೆ. ನಾನೂ ಅವರಿಗೆ ಟೀ ಕೊಟ್ಟೆ. ಈಗ ಒಂದೇ ಮಾತು ಹೇಳು. ಧೂಳಿಂದಾನಾ?"

ಪೆಂಗ್ ಗಾಜಿನ ಕೋಣೆಯ ಕಡೆ ನೋಡಿದ.

"ಕೇಳ್ತೀನಿ ಅಂತ ಮಾತ್ರ ಹೇಳ್ಬೇಡ," ಎಂದಳು ಆಕೆ.

"ಒಂದ್ನಿಮಿಷ ಇರಿ ಅಕ್ಕ."

ಫೋನನ್ನು ಕಟ್ ಮಾಡದೆ ಮೇಜಿನ ಮೇಲೆ ಮಲಗಿಸಿದ. ಎದ್ದ. ತಾಂಗ್‌ನ ಕೋಣೆಗೆ ಹೋಗುತ್ತಾನೆ ಎಂದುಕೊಂಡೆ. ಅವನು ಮೂಲೆಯ ಯಂತ್ರದ ಹತ್ತಿರ ಹೋದ. ಮೇಲಿದ್ದ ಹಸಿರು ಪ್ಯಾಕೆಟ್ಟನ್ನು ಎತ್ತಿಕೊಂಡು ಎರಡೂ ಕೈಯಲ್ಲಿ ಹಿಡಿದು ಬಾಯಿ ಹರಿದ. ಆ ಸದ್ದಿಗೆ ಹುಡುಗಿಯರ ಟೀ ಅರ್ಧದಲ್ಲೇ ನಿಂತಿತು. ಒಂದು ಹಿಡಿ ಬಾಯಿಗೆ ಹಾಕಿಕೊಂಡು ಅಗಿಯುತ್ತಾ ಕೀಲಿಮಣೆಯ ಮುಂದೆ ಕೂತ.

"ಪೆಂಗ್ ಅಣ್ಣ, ಅದು ಮ್ಯಾನೇಜರ್ ಇಟ್ಟಿದ್ದು..." ಎಂದಳು ಒಬ್ಬಳು.

"ಗೊತ್ತು. ಗರಿಗರಿಯಾಗಿದೆ."

ಹೊಸ ಪ್ರೋಗ್ರಾಮನ್ನು ಎಲ್ಲ ಪೆಟ್ಟಿಗೆಗಳಿಗೂ ಕಳಿಸಲೇ ಎಂದು ಯಂತ್ರ ಪರದೆಯ ಮೇಲೆ ಕೇಳಿತು. ಅವನು ಬೆರಳಿನ ಜಿಡ್ಡನ್ನು ಪ್ಯಾಂಟಿಗೆ ಒರೆಸಿಕೊಂಡು ಹೌದು ಎಂದು ಒತ್ತಿದ. ಪ್ಯಾಕೆಟ್ ಹಿಡಿದುಕೊಂಡೇ ಮೇಜಿಗೆ ವಾಪಸು ಬಂದು ಫೋನ್ ಎತ್ತಿದ.

"ಅಕ್ಕ, ಧೂಳಿಂದ ಅಲ್ಲ. ನಾನು ಬರೆದಿದ್ದರಲ್ಲೇ ತಪ್ಪಿತ್ತು. ಮೈದುನರಿಗೂ ಹಾಗೇ ಹೇಳಿ. ಈಗ ಪೆಟ್ಟಿಗೆಗಳನ್ನ ಆಫ್ ಮಾಡಿ ಆನ್ ಮಾಡಿ."

"ಅದೇನು ಕುರುಕುರು ಅಂತಿದೆ? ಏನ್ ತಿಂತಿದ್ದೀಯ?"

ಅವನು ಏನೆಂದು ಹೇಳಿದ. ಆ ಕಡೆಯಿಂದ ಸ್ವಿಚ್ಚುಗಳು ಒಂದೊಂದಾಗಿ ಟಕ್ ಟಕ್ ಎಂದವು.

ಗಾಜಿನ ಬಾಗಿಲು ತೆರೆದುಕೊಂಡಿತು. ತಾಂಗ್ ಮೊದಲು ಮೂಲೆಯ ಯಂತ್ರವನ್ನು, ಆಮೇಲೆ ಪೆಂಗ್‌ನ ಕೈಯನ್ನು ನೋಡಿದ. ಪೆಂಗ್ ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಪ್ಯಾಕೆಟ್ಟನ್ನು ನನ್ನ ಕಡೆ ವಾಲಿಸಿದ. ಬೇಕೇ ಎಂದು ಕೇಳಲಿಲ್ಲ.